ಇನಾಸನ ಮನೆಯ ಗಟ್ಟಿ ರೇಲಿಂಗು

ಇನಾಸನಿಗೆ ಆ ಶುಕ್ರವಾರ ಬಂದೊದಗಿದ ಕಷ್ಟಕ್ಕೆ ಮೂಲ ಕಾರಣ ಸಾಂತಾನನ ಮಗನಿಗೆ ಬಂದ ಒಂದು ಫೋನು. ಹಡಗಿನ ಕಂಪನಿಯವರು ಬೆಳಗಾಗುತ್ತಲೇ ಫೋನು ಮಾಡಿ, ಇವತ್ತು ರಾತ್ರಿಯೇ ಮುಂಬಯಿಗೆ ಬಂದು ಹಡಗು ಹತ್ತು ಅಂದುಬಿಟ್ಟರು. ಹುಡುಗನನ್ನು ವಿಮಾನ ಹತ್ತಿಸಲು ಮನೆಯವರೆಲ್ಲ ದಾಬೋಳಿಗೆ ಹೊರಟು ನಿಂತರು. ಅವತ್ತು ಸಂಜೆ ಸಾಯ್ಬಿಣಿ ಬರಬೇಕಾಗಿದ್ದದ್ದು ಅವರ ಮನೆಗೇ. ಬೀಗ ಹಾಕಿದ ಮನೆಗೆ ಸಾಯ್ಬಿಣಿಯನ್ನು ಕರೆದುಕೊಂಡು ಹೋಗುವುದುಂಟೆ?

ಸಾಯ್ಬಿಣಿ ಅಂದರೆ ನಮ್ಮ ಮೇರಿ ಮಾತೆ. ವರ್ಷಕ್ಕೊಮ್ಮೆ ಅವಳ ಮೂರ್ತಿ ಕೇರಿಯಲ್ಲಿ ದಿನಕ್ಕೊಂದು ಮನೆಯಂತೆ ತಿರುಗುತ್ತದೆ. ಸಂಜೆ ಒಂದು ಮನೆಯವರು ಮೇಣದಬತ್ತಿ ಹಚ್ಚಿಕೊಂಡು ಹಾಡು ಹೇಳುತ್ತ ತಂದು ಮುಂದಿನ ಮನೆಯವರಿಗೆ ಒಪ್ಪಿಸುತ್ತಾರೆ. ಅಲ್ಲಿ ಜಪಮಾಲೆ, ಹಾಡು, ಆಮೇಲೆ ಬೇಯಿಸಿದ ಕಡಲೆ, ಗಂಡಸರಿಗೆ ಒಂದೊಂದು ಗುಟುಕು ಗೇರುಹಣ್ಣಿನ ಫೆಣಿ. ರಾತ್ರಿಯೆಲ್ಲ ಅವಳು ಆ ಮನೆಯಲ್ಲೇ ಇರುತ್ತಾಳೆ. ಮನೆಯವರು ಕೇಳಿಕೊಳ್ಳುವುದೇನಿದ್ದರೂ ಆ ರಾತ್ರಿ ಕೇಳಿಕೊಳ್ಳಬೇಕು.

ಸರದಿಯ ಉಸ್ತುವಾರಿ ಕಾರ್ಮೆಲಿನ್ ಮಾವ್ಶಿಯದು, ಇಡೀ ಕೇರಿಗೆ ಅವರು ಚಿಕ್ಕಮ್ಮ. ಕೇರಿಯಲ್ಲಿ ಪಾದ್ರಿಗಳ ಮಾತಿಗೆ ಎದುರಾಡುವವರು ಇದ್ದಾರೆ, ಮಾವ್ಶಿಯ ಮಾತಿಗೆ ಇಲ್ಲ. ಅವರು ಬೆಳಿಗ್ಗೆ ಕೊಡೆ ಊರಿಕೊಂಡು ಬಂದು ಇನಾಸನ ಮನೆಯ ಮೆಟ್ಟಿಲ ಕೆಳಗೆ ನಿಂತರು. ಮೇಲೆ ಹತ್ತಲಿಲ್ಲ.

"ಪಿಯೆದಾದ್, ಸಾಂತಾನನ ಮನೇಲಿ ಯಾರೂ ಇರಲ್ಲ. ಸಾಯ್ಬಿಣಿ ಇವತ್ತು ಸಂಜೆ ನಿಮ್ಮಲ್ಲಿಗೆ ಬರ್ತಾಳೆ."

ಕಡಲೆ ಆರಿಸುತ್ತಿದ್ದ ಪಿಯೆದಾದ್ ಎದ್ದು ನಿಂತಳು. "ಇವತ್ತಾ ಮಾವ್ಶಿ? ನಮ್ಮದು ಮಂಗಳವಾರ ಅಂದಿದ್ರಿ."

"ಅಂದಿದ್ದೆ. ಈಗ ಇವತ್ತು ಅಂತಿದೀನಿ." ಮಾವ್ಶಿ ಕೊಡೆಯ ತುದಿಯಿಂದ ಜಗಲಿಯ ಅಂಚಿಗೆ ಕಟ್ಟಿದ್ದ ಬಿದಿರು ತೋರಿಸಿದರು. "ಆದ್ರೆ ನೋಡು, ಈ ಬಿದಿರುಗಳ ಇಟ್ಕೊಂಡು ನಂಗೆ ದೇವರನ್ನ ಕರೆಸ್ತೀನಿ ಅನ್ಬೇಡ. ಹೋದ ವರ್ಷದ ಮಾತೇ ಈ ವರ್ಷಾನೂ. ರೇಲಿಂಗ್ ಇಲ್ದೆ ಇದ್ರೆ ಸಾಯ್ಬಿಣಿ ಮೇಲೆ ಬರಲ್ಲ, ನೇರ ಪಕ್ಕದ ಜುಝೆ ಮನೆಗೆ ಹೋಗ್ತಾಳೆ."

ಇಷ್ಟು ಹೇಳಿ ಅವರು ಹೋದರು. ಪಿಯೆದಾದ್ ಗಂಡನ ಕಡೆ ತಿರುಗಿದಳು. ಇನಾಸ್ ಚಹಾದ ಬಟ್ಟಲಿನಲ್ಲಿ ಪಾವು ಬ್ರೆಡ್ಡು ಅದ್ದಿದ್ದವನು ಅದನ್ನು ಎತ್ತುವುದು ಮರೆತ. ಪಾವು ಕರಗಿ ಮುಳುಗಿತು.

ಇಲ್ಲಿ ಇನಾಸನ ಬಗ್ಗೆ ಎರಡು ಮಾತು ಹೇಳಬೇಕು. ಅವನು ಜೀವಮಾನವೆಲ್ಲ ನದಿ ದಾಟಿಸುವ ಫೆರಿಬೋಟಿನಲ್ಲಿ ಕೆಲಸ ಮಾಡಿದವನು. ಬೋಟು ಈ ದಡದಿಂದ ಆ ದಡಕ್ಕೆ ಹೋಗುತ್ತದೆ, ಆ ದಡದಿಂದ ಈ ದಡಕ್ಕೆ ಬರುತ್ತದೆ. ಎಲ್ಲಿಗೆ ಹೋಗುವುದು ಅಂತ ಯೋಚಿಸುವ ಪ್ರಮೇಯವೇ ಇಲ್ಲ. ಮದುವೆಗೆ ಹುಡುಗಿಯನ್ನು ಅಮ್ಮ ಆರಿಸಿದಳು, ಮಗಳಿಗೆ ಹೆಸರನ್ನು ಅವಳ ಜ್ಞಾನಪಿತೃ ಆರಿಸಿದ. ಹೀಗೆ ತಾನಾಗಿ ಏನನ್ನೂ ಆರಿಸದೆ ನಿವೃತ್ತನಾದ ಮನುಷ್ಯ, ಹೋದ ವರ್ಷ ಜಗಲಿಯ ಹಲಸಿನ ಮರದ ಹಳೆ ರೇಲಿಂಗಿಗೆ ಒರಗಿದಾಗ ಅದು ಬಿಸ್ಕತ್ತಿನಂತೆ ಪುಡಿಯಾಗಿ ಕೈಗೆ ಬಂತು. ಒಳಗೆಲ್ಲ ಗೆದ್ದಲು. ಇನಾಸ್ ಭಾನುವಾರ ಪೂಜೆ ಮುಗಿಸಿ ಇಗರ್ಜಿಯ ಮುಂದೆ ನಿಂತು, "ಈ ಸಲ ನನ್ನ ಆಯುಷ್ಯದಲ್ಲಿ ಮತ್ತೆ ಮುರಿಯದಂಥ ರೇಲಿಂಗ್ ಹಾಕಿಸ್ತೀನಿ. ಯಾವುದು ಒಳ್ಳೇದು?" ಅಂತ ಜೋರಾಗಿ ಕೇಳಿದ. ಅಷ್ಟೇ ಅವನು ಮಾಡಿದ ಪಾಪ.

ಒಂದು ವರ್ಷ ಉತ್ತರ ಬರುತ್ತಲೇ ಇತ್ತು. ಪಕ್ಕದ ಮನೆಯ ಜುಝೆ ಹಡಗಿನಲ್ಲಿ ದುಡಿದು ಬಂದವನು. ಅವನ ಪ್ರಕಾರ ಸಮುದ್ರದ ಗಾಳಿಗೆ ತಡೆಯುವುದು ಹಡಗಿಗೆ ಬಳಸುವ ಸ್ಟೀಲು ಒಂದೇ, ಮುನ್ನೂರ ಹದಿನಾರು ನಂಬರಿನದು. ಉಳಿದ ಸ್ಟೀಲೆಲ್ಲ ಮಳೆಗಾಲ ಕಳೆಯುವುದರೊಳಗೆ ತುಕ್ಕು ಹಿಡಿದು ಅಳುತ್ತದೆ. ಎದುರು ಮನೆಯ ಪಾಸ್ಕೋಲ್ ಇನಾಸನ ಮಗಳಿಗೆ ಜ್ಞಾನಪಿತೃ, ಹಾಗಾಗಿ ಇವನಿಗೆ ಕುಂಪಾರ್. ಅರಣ್ಯ ಇಲಾಖೆಯಲ್ಲಿದ್ದವನು. ತೇಗ ಬಿಟ್ಟು ಬೇರೆ ಹೆಸರು ಎತ್ತಿದರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಕಾರ್ಮೆಲಿನ್ ಮಾವ್ಶಿಗೆ ಇವೆರಡೂ ಬೇಡ. ಅವರ ಮನೆಯಲ್ಲಿರುವುದು ಹೊಟ್ಟೆ ಉಬ್ಬಿದ ಸಿಮೆಂಟಿನ ಗಿಡ್ಡ ಕಂಬಗಳ ಸಾಲು, ಅದಕ್ಕೆ ಗೆದ್ದಲೂ ಇಲ್ಲ, ತುಕ್ಕೂ ಇಲ್ಲ. ಇನಾಸ್ ಸ್ಟೀಲು ಅಂದರೆ ಪಾಸ್ಕೋಲ್ ಮಾತು ಬಿಡುತ್ತಿದ್ದ, ತೇಗ ಅಂದರೆ ಜುಝೆ ನಗುತ್ತಿದ್ದ, ಎರಡೂ ಅಂದರೆ ಮಾವ್ಶಿ ಶಿಲುಬೆ ಗುರುತು ಹಾಕಿಕೊಳ್ಳುತ್ತಿದ್ದರು. ಪಾಪದ ಮನುಷ್ಯ ಯಾರನ್ನೂ ನೋಯಿಸಬಾರದೆಂದು ಬಿದಿರು ಕಟ್ಟಿ ಇಟ್ಟ.

ಬಿದಿರು ಕಟ್ಟಿದ ಸ್ವಲ್ಪ ದಿನಕ್ಕೇ ಹೋದ ವರ್ಷದ ಸಾಯ್ಬಿಣಿ ಬಂದಳು. ಇನಾಸನ ಮನೆ ಇಳಿಜಾರಿನ ಮೇಲಿದೆ. ಜಗಲಿಯ ಒಂದು ಪಕ್ಕ ಆಳುದ್ದ ಕೆಳಗೆ ಕಲ್ಲುಚರಂಡಿ. ಜಪಮಾಲೆಗೆ ಬರುವವರಲ್ಲಿ ಅರ್ಧ ಜನ ಕಣ್ಣು ಮಂಜಾದ ಮುದುಕಿಯರು. ಮಾವ್ಶಿ ಒಂದು ಸಲ ಆ ಅಂಚು ನೋಡಿ, ಒಂದು ಸಲ ಮುದುಕಿಯರನ್ನು ನೋಡಿ, ಮೆರವಣಿಗೆಯನ್ನು ಮುಂದಕ್ಕೆ ನಡೆಸಿದರು. ಪಿಯೆದಾದ್ ಕೈಯಲ್ಲಿ ಉರಿಯುವ ಮೇಣದಬತ್ತಿ ಹಿಡಿದುಕೊಂಡು ಜಗಲಿಯಲ್ಲಿ ನಿಂತೇ ಇದ್ದಳು. ಬೇಯಿಸಿದ್ದ ಕಡಲೆಯನ್ನು ಮರುದಿನ ಹಂದಿ ತಿಂದಿತು. ಅವಳು ಅಳಲಿಲ್ಲ. ಅತ್ತಿದ್ದರೆ ಇನಾಸನಿಗೆ ಎಷ್ಟೋ ಹಗುರಾಗುತ್ತಿತ್ತು.

ಅವಳಿಗೆ ಸಾಯ್ಬಿಣಿಯ ಹತ್ತಿರ ಕೇಳಬೇಕಾಗಿದ್ದದ್ದು ಒಂದೇ. ಮಗಳು ಲೋರ್ನಾ ಕುಡ್ತರಿಗೆ ಮದುವೆಯಾಗಿ ಹೋಗಿ ಬಹಳ ವರ್ಷವಾಗಿತ್ತು. ತೊಟ್ಟಿಲು ಇನ್ನೂ ಅಟ್ಟದ ಮೇಲೇ ಇತ್ತು. ಹೋದ ವರ್ಷ ಕೇಳಬೇಕಾಗಿದ್ದದ್ದು ಈ ವರ್ಷಕ್ಕೆ ಉಳಿದಿತ್ತು.

"ಇನಾಸ್," ಅಂದಳು ಪಿಯೆದಾದ್, ಕಡಲೆಯ ಮೊರ ಕೆಳಗಿಟ್ಟು. "ಈ ವರ್ಷಾನೂ ಅವಳು ನನ್ನ ಬಾಗಿಲು ದಾಟಿ ಮುಂದೆ ಹೋದ್ರೆ ನಾನೂ ಅವಳ ಹಿಂದೇನೇ ಹೋಗ್ತೀನಿ. ಆಮೇಲೆ ನೀನುಂಟು, ನಿನ್ನ ಬಿದಿರುಂಟು."

ಇನಾಸ್ ಚಪ್ಪಲಿ ಹಾಕಿಕೊಳ್ಳದೆ ಜುಝೆಯ ಮನೆಗೆ ಓಡಿದ.

ಜುಝೆ ಬನಿಯನ್ನಿನಲ್ಲಿ ಕುಳಿತು ಗಿಣಿಗೆ ಮೆಣಸಿನಕಾಯಿ ತಿನ್ನಿಸುತ್ತಿದ್ದ. ವಿಷಯ ಕೇಳಿ ಅವನ ಮುಖ ಅರಳಿತು. ಒಂದು ವರ್ಷದ ವಾದ ಗೆದ್ದಂತಾಯಿತಲ್ಲ.

"ಕೊನೆಗೂ ಬುದ್ಧಿ ಬಂತಾ ನಿಂಗೆ? ಮಡಗಾಂವಿನ ಶಾಣುಗೆ ಈಗಲೇ ಫೋನ್ ಮಾಡ್ತೀನಿ. ಯಾವುದೋ ಹೋಟೆಲಿನವರು ಹೇಳಿ ಮಾಡಿಸಿ ಬಿಟ್ಟುಹೋದ ಸ್ಟೀಲು ಅವನ ಹತ್ರ ಬಿದ್ದಿದೆ. ಮುನ್ನೂರ ಹದಿನಾರು. ಮಧ್ಯಾಹ್ನಕ್ಕೆ ತರ್ತಾನೆ, ಸಂಜೆಯೊಳಗೆ ನಿಲ್ಲಿಸ್ತಾನೆ. ನೀನು ಸುಮ್ನೆ ಇರು, ಯಾರ ಹತ್ರಾನೂ ಮಾತಾಡ್ಬೇಡ."

ಸುಮ್ಮನಿರುವುದು ಇನಾಸನಿಗೆ ಕಷ್ಟವಲ್ಲ. ಆದರೆ ನಮ್ಮ ಕೇರಿಯಲ್ಲಿ ಒಬ್ಬ ಕೆಮ್ಮಿದರೆ ಇನ್ನೊಬ್ಬ ಕಷಾಯ ತರುತ್ತಾನೆ. ಇನಾಸ್ ಮನೆಗೆ ಮರಳುವಷ್ಟರಲ್ಲಿ ಗೇಟಿನ ಹತ್ತಿರ ಪಾಸ್ಕೋಲ್ ನಿಂತಿದ್ದ, ಸೊಂಟದ ಮೇಲೆ ಕೈಯಿಟ್ಟುಕೊಂಡು.

"ಏನು ಕುಂಪಾರ್, ಸ್ಟೀಲಂತೆ?"

"ಹೊತ್ತಿಲ್ಲ ಕುಂಪಾರ್. ಸಂಜೆಗೆ ಸಾಯ್ಬಿಣಿ..."

"ಇರಲಿ, ಹಾಕಿಸು. ನಾನ್ಯಾರು ಕೇಳೋಕೆ? ನಿನ್ನ ಮಗಳನ್ನ ಎತ್ಕೊಂಡು ಜ್ಞಾನಸ್ನಾನ ಮಾಡ್ಸಿದವನು ಅಷ್ಟೇ." ಪಾಸ್ಕೋಲ್ ದನಿ ಬಿಗಿಯಿತು. "ಆದ್ರೆ ಮಧ್ಯಾಹ್ನದ ಬಿಸಿಲಲ್ಲಿ ಆ ಸ್ಟೀಲ್ ಮೇಲೆ ಕೈ ಇಟ್ಟು ನೋಡು. ಮೀನು ಹುರೀಬಹುದು. ಮನುಷ್ಯ ಕೈಯಿಡೋ ಜಾಗಕ್ಕೆ ಮರ ಬೇಕು. ನಮ್ಮ ಅಜ್ಜನ ಮನೆ ಬಿಚ್ಚಿದಾಗಿನ ತೇಗದ ತೊಲೆ ಇದೆ. ನಿಂಗೆ ಅಂತ ಇಟ್ಟಿದ್ದೆ. ಬೇಡ ಅಂದ್ರೆ ಇವತ್ತೇ ಒಲೆಗೆ ಹಾಕ್ತೀನಿ."

ಹಾಗಂದ ಮೇಲೆ ಬೇಡ ಅನ್ನಲು ಇನಾಸನಿಗೆ ಬಾಯಿ ಎಲ್ಲಿಂದ ಬರಬೇಕು? ಆಗಲಿ ಅಂದ. ಕೆಳಗೆ ಸ್ಟೀಲು, ಮೇಲೆ ಕೈಯಿಡುವಲ್ಲಿ ತೇಗ. ಸದ್ಯ ಇಬ್ಬರೂ ಮಾತು ಬಿಡಲಿಲ್ಲವಲ್ಲ ಅಂತ ಅವನಿಗೆ ಒಳಗೊಳಗೇ ಸಮಾಧಾನವಾಯಿತು. ಒಂದು ಗಂಟೆಯ ಸಮಾಧಾನ ಅದು. ಅಷ್ಟರಲ್ಲಿ ಕಾರ್ಮೆಲಿನ್ ಮಾವ್ಶಿ ತಮ್ಮ ಅಳಿಯನನ್ನು ಕರೆದುಕೊಂಡು ಬಂದರು. ಅಳಿಯ ಗಾರೆ ಕೆಲಸದವನು, ತಲೆಯ ಮೇಲೆ ಸಿಮೆಂಟಿನ ಚೀಲ.

"ಕೇಳ್ದೆ, ಕೇಳ್ದೆ," ಅಂದರು ಮಾವ್ಶಿ. "ಸ್ಟೀಲಂತೆ, ತೇಗವಂತೆ. ಬುಡ ಯಾವುದರಲ್ಲಿ? ಈ ಹಳೆ ನೆಲದಲ್ಲಿ ಸುಮ್ನೆ ಮೊಳೆ ಹೊಡೆದು ನಿಲ್ಲಿಸಿದ್ರೆ ನಾಲ್ಕು ಜನ ಒರಗಿದ ಕೂಡ್ಲೆ ಚರಂಡಿಗೆ. ಆಮೇಲೆ ಸಾಯ್ಬಿಣಿ ಬಂದ ದಿನ ಸತ್ರು ಅಂತ ಹೆಸರು. ಬುಡಕ್ಕೆ ನನ್ನ ಸಿಮೆಂಟು ಬರ್ಲಿ, ನಡುನಡುವೆ ನನ್ನ ಗಿಡ್ಡ ಕಂಬ ಬರ್ಲಿ. ಬೇಗ ಗಟ್ಟಿಯಾಗೋ ಸಿಮೆಂಟು, ಗೊತ್ತಾಯ್ತಾ? ಮಧ್ಯಾಹ್ನ ಹಾಕಿದ್ರೆ ಸಂಜೆಗೆ ಬಂಡೆ."

"ಆಗ್ಲಿ ಮಾವ್ಶಿ."

"ಆಗ್ಲಿ ಅಂತ ಕೇಳೋಕೆ ಬಂದಿಲ್ಲ ನಾನು," ಅಂದು ಮಾವ್ಶಿ ಅಳಿಯನಿಗೆ ಜಾಗ ತೋರಿಸಿದರು.

ಇತ್ತ ಪಿಯೆದಾದ್ ತನ್ನ ಕೆಲಸದಲ್ಲಿ ಮುಳುಗಿದ್ದಳು. ಸಾಯ್ಬಿಣಿ ಕಾಲಿಡುವ ಮೆಟ್ಟಿಲು ಹೊಳೆಯಬೇಕಲ್ಲ. ಉಜ್ಜಿ ತೊಳೆದು, ಕೆಂಪು ಪಾಲಿಶ್ ಬಳಿದಳು. ಒಣಗುವ ತನಕ ಯಾರೂ ತುಳಿಯಬಾರದು. ಮೆಟ್ಟಿಲ ತುದಿಯಲ್ಲಿ ಜಗಲಿಯ ಹೆಂಚಿನ ಮಾಡು ಹೊತ್ತ ಎರಡು ಕೆಂಪುಕಲ್ಲಿನ ಕಂಬಗಳಿವೆ. ಅವೆರಡಕ್ಕೂ ಅಡ್ಡಲಾಗಿ ಹಗ್ಗ ಬಿಗಿದು, "ಈ ಕಡೆ ಹೆಜ್ಜೆ ಇಟ್ಟವರ ಕಾಲು ಮುರೀತೀನಿ, ಎಲ್ಲಾ ಅಡುಗೆಮನೆ ಬಾಗಿಲಿಂದ ಬನ್ನಿ," ಅಂತ ಸಾರಿದಳು. ಅಡುಗೆಮನೆ ಬಾಗಿಲಿಗೆ ಹೋಗುವ ದಾರಿ ಹಂದಿಗೂಡಿನ ಪಕ್ಕದಲ್ಲಿದೆ. ಅವತ್ತು ಇಡೀ ದಿನ ಸ್ಟೀಲು, ತೇಗ, ಸಿಮೆಂಟು, ಸಲಹೆ, ಎಲ್ಲವೂ ಹಂದಿಯ ಮುಖ ನೋಡಿಕೊಂಡೇ ಜಗಲಿಗೆ ಬಂದವು.

ಮಧ್ಯಾಹ್ನ ಶಾಣು ಟೆಂಪೋದಲ್ಲಿ ಬಂದ. ತೆಳ್ಳಗಿನ, ಮಾತು ಕಡಿಮೆಯ, ಅವಸರದ ಆಳು. ಸಂಜೆ ಅವನ ಊರಿನಲ್ಲಿ ನಾಟಕ, ಅವನೇ ರಾಜನ ಪಾತ್ರ.

"ಯಜಮಾನ್ರೇ, ನಾಲ್ಕೂವರೆಗೆ ನಾನು ಹೊರಡಬೇಕು. ಏನು ಹೇಳೋದಿದ್ರೂ ಒಬ್ರೇ ಹೇಳಿ," ಅಂದ ಇನಾಸನಿಗೆ.

ಇನಾಸ್ ಬಾಯಿ ತೆರೆದ. ಜುಝೆ ಹೇಳತೊಡಗಿದ. ಅವನ ಮಾತು ಮುಗಿಯುವ ಮೊದಲೇ ಪಾಸ್ಕೋಲ್ ಶುರುಮಾಡಿದ. ಮಾವ್ಶಿ ಇಬ್ಬರಿಗಿಂತ ಮೇಲಿನ ದನಿಯಲ್ಲಿ ಹೇಳಿದರು. ಶಾಣು ಮೂವರ ಮುಖ ನೋಡಿ, ಇನಾಸನ ಮುಖ ನೋಡಿ, ವೆಲ್ಡಿಂಗಿನ ಮುಖವಾಡ ಇಳಿಸಿಕೊಂಡ. ಆ ಮುಖವಾಡ ಇನಾಸನಿಗೂ ಬೇಕೆನಿಸಿತು.

ಆಮೇಲೆ ಇನಾಸನಿಗೆ ಜಗಲಿಯಲ್ಲಿ ನಿಲ್ಲಲು ಬಿಡುವೇ ಸಿಗಲಿಲ್ಲ. ಜುಝೆ ಅವನನ್ನು ಸ್ಕೂಟರಿನಲ್ಲಿ ಬೋಲ್ಟು ತರಲು ಮಡಗಾಂವಿಗೆ ಓಡಿಸಿದ. ತಂದ ಬೋಲ್ಟು ಸಣ್ಣದಾಯಿತೆಂದು ಪಾಸ್ಕೋಲ್ ಮತ್ತೆ ಓಡಿಸಿದ, ತೇಗಕ್ಕೆ ಹೆಬ್ಬೆರಳು ಗಾತ್ರದ್ದೇ ಬೇಕಂತೆ. ಅವು ಬಂದ ಮೇಲೆ ಪಿಯೆದಾದ್ ಮೇಣದಬತ್ತಿ, ಚೆಂಡುಹೂವಿನ ಮಾಲೆ, ಫೆಣಿ ಅಂತ ಕಳಿಸಿದಳು. ಫೆಣಿ ತಂದರೆ ಮಾವ್ಶಿಯ ಅಳಿಯನಿಗೆ ಇನ್ನೊಂದು ಚೀಲ ಸಿಮೆಂಟು ಬೇಕಾಗಿತ್ತು.

"ಒಂದು ಸಾಲಲ್ವಾ?" ಅಂದ ಇನಾಸ್ ಬೆವರು ಒರೆಸಿಕೊಂಡು.

"ಗಟ್ಟಿ ಬೇಕಾ ಬೇಡ್ವಾ?" ಅಂದರು ಮಾವ್ಶಿ.

ಬೇಕು ಅಂದು ಸ್ಕೂಟರ್ ತಿರುಗಿಸಿದ. ದಾರಿಯಲ್ಲಿ ಅವನಿಗೆ ಒಮ್ಮೆ ಫೆರಿಬೋಟಿನ ನೆನಪಾಗಿ ಕಣ್ಣು ತುಂಬಿ ಬಂತು. ಅಲ್ಲೂ ಎಲ್ಲರೂ ಕೂಗುತ್ತಿದ್ದರು, ಆದರೆ ಬೋಟಿಗೆ ಡ್ರೈವರ್ ಬೇರೆ ಇರುತ್ತಿದ್ದ.

ಕೊನೆಯ ಸಲ ಅವನು ಹಂದಿಗೂಡು ದಾಟಿ, ಅಡುಗೆಮನೆ ಹೊಕ್ಕು, ಜಗಲಿಗೆ ಬಂದಾಗ ಶಾಣು ರಾಜನಾಗಲು ಹೋಗಿಯಾಗಿತ್ತು. ಕೆಲಸ ಮುಗಿದಿತ್ತು. ಪಿಯೆದಾದ್ ಆಗಲೇ ರೇಲಿಂಗಿನ ಉದ್ದಕ್ಕೂ ಚೆಂಡುಹೂವಿನ ಮಾಲೆ ಇಳಿಬಿಟ್ಟು, ಬಣ್ಣದ ದೀಪದ ಸರ ಸುತ್ತಿ, ಸ್ವಿಚ್ ಹಾಕಿದ್ದಳು. ಬುಡದಲ್ಲಿ ಸಿಮೆಂಟಿನ ಕಟ್ಟೆ, ಅದರ ಮೇಲೆ ಹೊಟ್ಟೆ ಉಬ್ಬಿದ ಗಿಡ್ಡ ಕಂಬಗಳು, ಅವುಗಳ ನಡುವೆ ಮೇಲೆದ್ದ ಸ್ಟೀಲಿನ ಕೋಲುಗಳು, ಎಲ್ಲದರ ಮೇಲೆ ಎಣ್ಣೆ ಕುಡಿದು ಮಿಂಚುವ ತೇಗ. ಮೂರು ಬಗೆಯ ಗಟ್ಟಿತನ ಒಂದೇ ಕಡೆ ಸೇರಿ ನಿಂತಿತ್ತು. ನಾನು ಗೋವೆಯ ಈ ತುದಿಯಿಂದ ಆ ತುದಿಯವರೆಗೆ ನೋಡಿದ್ದೇನೆ, ಅಂಥ ರೇಲಿಂಗು ಸೆರೆಮನೆಗೂ ಇಲ್ಲ.

ಇನಾಸ್ ಎರಡೂ ಕೈ ಇಟ್ಟು ಅಲುಗಿಸಿ ನೋಡಿದ. ಅಲುಗಿದ್ದು ಇನಾಸ್.

"ಹೇಗಿದೆ?" ಅಂದ ಜುಝೆ.

"ನಿನ್ನ ಮೊಮ್ಮಕ್ಕಳ ಕಾಲಕ್ಕೂ ಹೀಗೇ ಇರುತ್ತೆ ಕುಂಪಾರ್," ಅಂದ ಪಾಸ್ಕೋಲ್.

ಮೊಮ್ಮಕ್ಕಳು ಅಂದದ್ದಕ್ಕೆ ಪಿಯೆದಾದ್ ಮುಖ ಒಂದು ಕ್ಷಣ ಚಿಕ್ಕದಾಯಿತು. ಆಮೇಲೆ ಅವಳೇ ಬಂದು ತೇಗದ ಮೇಲೆ ಕೈಯಾಡಿಸಿ, ಗಂಡನ ತೋಳನ್ನೂ ಮೆಲ್ಲಗೆ ಮುಟ್ಟಿದಳು. "ಸ್ನಾನ ಮಾಡ್ಕೊಂಡು ಬಾ. ಒಳ್ಳೆ ಅಂಗಿ ಹಾಕ್ಕೋ." ಒಂದು ವರ್ಷದಿಂದ ಅವಳು ಅಷ್ಟು ಮೃದುವಾಗಿ ಮಾತಾಡಿರಲಿಲ್ಲ. ಇನಾಸ್ ಬಚ್ಚಲಿನಲ್ಲಿ ನೀರು ಹೊಯ್ದುಕೊಳ್ಳುತ್ತ ಹಾಡು ಗುನುಗಿದ. ಆ ದಿನದಲ್ಲಿ ಅವನು ಸುಖವಾಗಿದ್ದದ್ದು ಅಷ್ಟೇ ಹೊತ್ತು.

ಕತ್ತಲು ಇಳಿಯುತ್ತಿದ್ದಂತೆ ಮೆರವಣಿಗೆ ಬಂತು. ಮುಂದೆ ಮೇಣದಬತ್ತಿ ಹಿಡಿದ ಮುದುಕಿಯರು, ನಡುವೆ ಹೂವಿನ ನಡುವೆ ನಿಂತ ಸಾಯ್ಬಿಣಿ, ಹಿಂದೆ ಪಿಟೀಲು ನುಡಿಸುವ ಮುದುಕ ಮತ್ತು ಇಡೀ ಕೇರಿ. ಮೆಟ್ಟಿಲು ಒಣಗಿ ದಾಳಿಂಬೆಯಂತೆ ಹೊಳೆಯುತ್ತಿತ್ತು. ಪಿಯೆದಾದ್ ತನ್ನ ಮದುವೆಯ ನಂತರ ಪೆಟ್ಟಿಗೆಯಿಂದ ತೆಗೆಯದ ಕಪ್ಪು ರೇಷ್ಮೆ ಅಂಗಿ ತೊಟ್ಟು ಜಗಲಿಯಲ್ಲಿ ನಿಂತಿದ್ದಳು. ಪಕ್ಕದಲ್ಲಿ ಇನಾಸ್, ಕೈಯಲ್ಲಿ ಉರಿಯುವ ಬತ್ತಿ.

ಕಾರ್ಮೆಲಿನ್ ಮಾವ್ಶಿ ಹಾಡು ಹೇಳುತ್ತ ಮೆಟ್ಟಿಲು ಹತ್ತಿದರು. ಕೊನೆಯ ಮೆಟ್ಟಿಲ ಮೇಲೆ ನಿಂತು ಇನ್ನೊಂದು ಹೆಜ್ಜೆ ಮುಂದಿಟ್ಟರು. ಅವರ ಹೊಟ್ಟೆ ರೇಲಿಂಗಿಗೆ ತಾಗಿತು. ಹಾಡು ನಿಂತಿತು. ಮಾವ್ಶಿ ಚೆಂಡುಹೂವಿನ ಮಾಲೆ ಸರಿಸಿ ಎಡಗಡೆ ನೋಡಿದರು, ಬಲಗಡೆ ನೋಡಿದರು.

"ಇನಾಸ್," ಅಂದರು. "ಒಳಗೆ ಬರೋದು ಎಲ್ಲಿಂದ?"

ಇನಾಸ್ ನೋಡಿದ. ಒಂದು ಗೋಡೆಯಿಂದ ಹೊರಟ ರೇಲಿಂಗು ಜಗಲಿಯ ಅಂಚಿನುದ್ದಕ್ಕೂ ಬಂದು, ಮೆಟ್ಟಿಲ ತುದಿಯ ಎರಡು ಕಂಬಗಳ ನಡುವೆಯೂ ನೇರವಾಗಿ ಹಾದು, ಆ ಕಡೆಯ ಗೋಡೆಗೆ ಸೇರಿತ್ತು. ಎಲ್ಲೂ ಒಂದು ಬೆಕ್ಕು ನುಸುಳುವ ಸಂದು ಇರಲಿಲ್ಲ. ಪಿಯೆದಾದ್ ಪಾಲಿಶ್ ಕಾಯಲು ಕಟ್ಟಿದ ಹಗ್ಗವನ್ನು ಮಾವ್ಶಿಯ ಅಳಿಯ, ಶಾಣು ಇಬ್ಬರೂ ಅಳತೆಯ ಹಗ್ಗ ಅಂದುಕೊಂಡಿದ್ದರು. ಹಗ್ಗ ಇದ್ದಲ್ಲೆಲ್ಲ ಅಳಿಯ ಕಟ್ಟೆ ಕಟ್ಟಿದ್ದ, ಶಾಣು ಅದರ ಮೇಲೆ ಸ್ಟೀಲು ಹಾಕಿ, ಕಂಬಗಳಿಗೆ ಬೋಲ್ಟು ಬಿಗಿದು, ಹಗ್ಗವನ್ನು ಚೆನ್ನಾಗಿ ಸುತ್ತಿ ಮೂಲೆಯಲ್ಲಿಟ್ಟು ಹೋಗಿದ್ದ. ದಿನವಿಡೀ ಎಲ್ಲರೂ ಅಡುಗೆಮನೆಯಿಂದ ಓಡಾಡಿದ್ದರಿಂದ ಮೆಟ್ಟಿಲ ನೆನಪು ಒಬ್ಬರಿಗೂ ಇರಲಿಲ್ಲ.

ಮೆರವಣಿಗೆಯ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

"ಶಾಣುಗೆ ಫೋನ್ ಮಾಡು ಜುಝೆ," ಅಂದ ಇನಾಸ್.

"ಮಾಡ್ದೆ. ತೆಗೀತಿಲ್ಲ. ಇಷ್ಟೊತ್ತಿಗೆ ಕಿರೀಟ ಇಟ್ಕೊಂಡಿರ್ತಾನೆ."

"ಅಡುಗೆಮನೆ ಕಡೆಯಿಂದ ತರೋಣ," ಅಂದ ಪಾಸ್ಕೋಲ್.

"ಹಂದಿಗೂಡಿನ ಪಕ್ಕದಿಂದಾ? ಸಾಯ್ಬಿಣೀನಾ?" ಇದನ್ನು ಕೇಳಿದ್ದು ಮಾವ್ಶಿಯಲ್ಲ, ಪಿಯೆದಾದ್. "ಅದಕ್ಕಿಂತ ನಾನು ಚರಂಡಿಗೆ ಹಾರ್ತೀನಿ."

"ಹಾಗಾದ್ರೆ ಮೇಲಿಂದ ಎತ್ತಿ ದಾಟಿಸೋಣ," ಅಂದ ಜುಝೆ. "ನಾನು ಈ ಕಡೆ ಹಿಡೀತೀನಿ, ಇನಾಸ್ ಆ ಕಡೆ ಹಿಡೀಲಿ."

"ಕಳ್ಳಮಾಲು ದಾಟಿಸಿದ ಹಾಗಾ?" ಅಂದರು ಮಾವ್ಶಿ. "ನೀನು ಹಡಗಲ್ಲಿ ಏನೇನು ದಾಟಿಸಿದೀಯೋ ನಂಗೆ ಗೊತ್ತು. ದೇವರ ತಾಯಿ ಬಾಗಿಲಿಂದ ಬರ್ತಾಳೆ, ಇಲ್ಲಾಂದ್ರೆ ಬರಲ್ಲ. ಮೇಣದಬತ್ತಿ ಮುಗೀತಾ ಬಂತು ಇನಾಸ್. ಎಷ್ಟೊತ್ತು ನಿಲ್ಲಿಸ್ತೀಯಾ?"

ಇನಾಸ್ ಹೆಂಡತಿಯ ಮುಖ ನೋಡಿದ. ಅವಳು ಸಾಯ್ಬಿಣಿಯನ್ನೇ ನೋಡುತ್ತಿದ್ದಳು, ತುಟಿ ಮಾತ್ರ ಅಲುಗುತ್ತಿತ್ತು. ಜೀವನದಲ್ಲಿ ಮೊದಲ ಸಲ ಅವನು ಯಾರನ್ನೂ ಕೇಳದೆ ಒಂದು ತೀರ್ಮಾನ ಮಾಡಿದ. ಒಳಗೆ ಹೋಗಿ ಕಲ್ಲು ಒಡೆಯುವ ದೊಡ್ಡ ಸುತ್ತಿಗೆ ತಂದ. ಒಳ್ಳೆ ಅಂಗಿಯ ತೋಳು ಮಡಚಿದ.

"ಎಲ್ಲರೂ ಕೆಳಗಿಳೀರಿ. ಒಡೀತೀನಿ."

ಮಾವ್ಶಿ ಸಾಯ್ಬಿಣಿಯನ್ನು ಹಿಂದಕ್ಕೆ ಸರಿಸಿದರು. ಇನಾಸ್ ಸುತ್ತಿಗೆ ಎತ್ತಿ, ಎರಡು ಕಂಬಗಳ ನಡುವಿನ ಸ್ಟೀಲಿಗೆ ಬೀಸಿ ಹೊಡೆದ. ಇಗರ್ಜಿಯ ಗಂಟೆಯಂತೆ ಸದ್ದಾಯಿತು. ಸುತ್ತಿಗೆ ಹಿಂದಕ್ಕೆ ಚಿಮ್ಮಿ ಇನಾಸನ ಭುಜದ ಕೀಲು ನೋಯಿಸಿತು. ಸ್ಟೀಲಿನ ಮೇಲೆ ಒಂದು ಗೆರೆಯೂ ಇಲ್ಲ.

"ನೋಡಿದ್ರಾ?" ಅಂದ ಜುಝೆ ಸುತ್ತಲಿನವರಿಗೆ. ಸಂತೋಷ ಅವನಿಗೆ ತಡೆಯಲಾಗಲಿಲ್ಲ. "ಮುನ್ನೂರ ಹದಿನಾರು."

ಇನಾಸ್ ತೇಗಕ್ಕೆ ಹೊಡೆದ. ತೇಗ ಗುಮ್ಮೆಂದು ಸುಮ್ಮನಾಯಿತು.

"ಅಜ್ಜನ ಕಾಲದ ಮರ ಕುಂಪಾರ್," ಅಂದ ಪಾಸ್ಕೋಲ್ ಪ್ರೀತಿಯಿಂದ. "ಅದಕ್ಕೆ ಏನೂ ಆಗಲ್ಲ."

ಬುಡಕ್ಕೆ ಹೊಡೆದ. ಸಿಮೆಂಟಿನಿಂದ ಒಂದು ಕಿಡಿ ಹಾರಿತು, ಚೂರು ಹಾರಲಿಲ್ಲ. "ನಾನು ಹೇಳಿರಲಿಲ್ವಾ, ಸಂಜೆಗೆ ಬಂಡೆ ಅಂತ?" ಅಂದರು ಮಾವ್ಶಿ. ಆ ಹೊತ್ತಿನಲ್ಲೂ ಅವರ ದನಿಯಲ್ಲಿ ಹೆಮ್ಮೆ ಇತ್ತು.

ಒಂದು ವರ್ಷ ಒಬ್ಬರ ಮುಖ ಒಬ್ಬರು ನೋಡದಂತೆ ವಾದಿಸಿದ ಮೂವರೂ ಈಗ ಒಂದೇ ಕಡೆ ನಿಂತು, ಪ್ರತಿ ಪೆಟ್ಟಿಗೂ ತಲೆಯಾಡಿಸುತ್ತ, ಒಬ್ಬರ ಆಯ್ಕೆಯನ್ನು ಇನ್ನೊಬ್ಬರು ಹೊಗಳತೊಡಗಿದರು. ಇನಾಸನಿಗೆ ಕಣ್ಣು ಕತ್ತಲಿಟ್ಟಿತು. ನಡುವೆ ಹೊಡೆದರೆ ಪ್ರಯೋಜನವಿಲ್ಲ, ಕಂಬಕ್ಕೆ ಬಿಗಿದ ಬೋಲ್ಟಿನ ಹತ್ತಿರ ಹೊಡೆಯಬೇಕು ಅಂತ ಅವನಿಗೆ ಹೊಳೆಯಿತು. ಉಸಿರು ಬಿಗಿಹಿಡಿದು, ಸುತ್ತಿಗೆಯನ್ನು ತಲೆಯ ಮೇಲಕ್ಕೆ ಎತ್ತಿ, ಇಡೀ ವರ್ಷದ ಸಿಟ್ಟನ್ನೆಲ್ಲ ಸೇರಿಸಿ ಬಡಿದ.

ಬೋಲ್ಟು ಅಲುಗಲಿಲ್ಲ. ಕಂಬ ಅಲುಗಿತು.

ರೇಲಿಂಗಿನ ಬಗ್ಗೆ ಒಂದು ವರ್ಷ ಎಲ್ಲರೂ ಮಾತಾಡಿದ್ದರು, ಕಂಬದ ಬಗ್ಗೆ ಒಬ್ಬರೂ ಆಡಿರಲಿಲ್ಲ. ಇನಾಸನ ಅಜ್ಜ ಮಣ್ಣು ಸುಣ್ಣ ಕಲಸಿ ಕಟ್ಟಿದ ಕೆಂಪುಕಲ್ಲಿನ ಕಂಬ ಅದು. ಬುಡದಿಂದ ಮೇಲಿನವರೆಗೆ ಒಂದು ಬಿರುಕು ಮೆಲ್ಲಗೆ ಹತ್ತಿಕೊಂಡು ಹೋಯಿತು. ಆಮೇಲೆ ಕಂಬ, ದಣಿದವನು ಕೂರುವಂತೆ, ಚರಂಡಿಯ ಕಡೆಗೆ ಕುಸಿಯಿತು. ಮಾಡಿನ ಆ ಮೂಲೆ ಕಿರುಗುಟ್ಟಿ ಕೆಳಗಿಳಿದು, ಹೆಂಚುಗಳನ್ನು ಒಂದೊಂದಾಗಿ ಉದುರಿಸಿ, ಕೊನೆಗೆ ತೇಗದ ಮೇಲೆ ಬಂದು ಕುಳಿತಿತು. ಮುದುಕಿಯರು ಗೇಟಿನ ತನಕ ಓಡಿದರು. ಮೊಣಕಾಲು ನೋವೆಂದು ವರ್ಷಗಟ್ಟಲೆ ನರಳುತ್ತಿದ್ದವರೆಲ್ಲ ಅವತ್ತು ಓಡಿದರು. ದೇವರ ದಯೆ, ಯಾರಿಗೂ ಏಟಾಗಲಿಲ್ಲ.

ಧೂಳು ಇಳಿದಾಗ ರೇಲಿಂಗು ಇದ್ದ ಹಾಗೇ ಇತ್ತು. ದೀಪದ ಸರ ಇನ್ನೂ ಮಿಣುಕುತ್ತಿತ್ತು.

ಜುಝೆ ಹತ್ತಿರ ಬಂದು ಬಗ್ಗಿ ನೋಡಿದ. "ಈಗ ಇದನ್ನ ಮುಟ್ಟಬೇಡ ಇನಾಸ್. ಮಾಡು ಇದರ ಮೇಲೇ ನಿಂತಿದೆ. ಇದನ್ನ ತೆಗೆದ್ರೆ ಮನೆ ಬೀಳುತ್ತೆ."

ಕಾರ್ಮೆಲಿನ್ ಮಾವ್ಶಿ ಮೂರ್ತಿಯ ಮೇಲಿನ ಧೂಳನ್ನು ಕರವಸ್ತ್ರದಿಂದ ಒರೆಸಿದರು. ಇನಾಸನನ್ನು ಬೈಯಲಿಲ್ಲ. "ಮುಂದಿನ ವರ್ಷ ಮೊದಲನೇ ಸರದಿ ನಿಂದೇ ಅಂತ ಇಟ್ಕೊಳ್ತೀನಿ ಮಗಾ," ಅಂದು ಜುಝೆಯ ಗೇಟಿನ ಕಡೆಗೆ ತಿರುಗಿ ಹಾಡು ಎತ್ತಿಕೊಂಡರು. ಮೆರವಣಿಗೆ ಅವರ ಹಿಂದೆ ಹೋಯಿತು.

ಪಿಯೆದಾದ್ ಒಳಗೆ ಹೋದಳು. ಕಡಲೆಯ ಪಾತ್ರೆಯನ್ನು ಸೊಂಟದ ಮೇಲಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ಫೆಣಿಯ ಬಾಟಲಿ ಹಿಡಿದು, ಅಡುಗೆಮನೆ ಬಾಗಿಲಿನಿಂದ ಹೊರಬಿದ್ದಳು. ಹಂದಿಗೂಡು ದಾಟಿ, ಗಂಡನ ಕಡೆ ನೋಡದೆ, ಹಾಡಿನ ಹಿಂದೆ ನಡೆದಳು.

ಇನಾಸ್ ಜಗಲಿಯ ನೆಲದ ಮೇಲೆ, ಒಡೆದ ಹೆಂಚುಗಳ ನಡುವೆ ಕುಳಿತ. ಜುಝೆಯ ಮನೆಯಿಂದ ಜಪಮಾಲೆಯ ದನಿ ಬರುತ್ತಿತ್ತು. ಎಲ್ಲ ದನಿಗಳ ನಡುವೆ ಪಿಯೆದಾದಳ ದನಿ ಅವನಿಗೆ ಬೇರೆಯಾಗಿ ಕೇಳಿಸುತ್ತಿತ್ತು. ಅವಳು ಕೇಳಬೇಕಾದ್ದನ್ನು ಇನ್ನೊಬ್ಬರ ಮನೆಯಲ್ಲಿ ನಿಂತು ಕೇಳುತ್ತಿದ್ದಾಳೆ. ಅವನು ಮುಖ ಮುಚ್ಚಿಕೊಂಡು ಅತ್ತ. ಬೆಳಿಗ್ಗೆ ಆ ಪಾವು ಚಹಾದಲ್ಲಿ ಕರಗಿಹೋದಾಗಿನಿಂದ ಅವನ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ.

ಜಪ ಮುಗಿದ ಮೇಲೆ ಮೂವರೂ ಬಂದರು, ಬಾಯಲ್ಲಿ ಪಿಯೆದಾದ್ ಬೇಯಿಸಿದ ಕಡಲೆ. ಮೆಟ್ಟಿಲ ಮೇಲೆ ಸಾಲಾಗಿ ನಿಂತು ರೇಲಿಂಗಿನ ಸಂದಿನಿಂದ ಇನಾಸನನ್ನು ಇಣುಕಿ ನೋಡಿದರು.

"ಮನಸ್ಸಿಗೆ ಹಚ್ಕೋಬೇಡ," ಅಂದ ಜುಝೆ. "ಕಂಬ ಹಳೇದಾಗಿತ್ತು, ಹೋಯ್ತು. ಹೊಸದು ಹಾಕಿಸು. ನನ್ನ ಮಾತು ಕೇಳಿದ್ರೆ ಕಬ್ಬಿಣದ ದಪ್ಪ ಪೈಪು. ಬಂದರಲ್ಲಿ ಹಾಕ್ತಾರಲ್ಲ, ಅಂಥದ್ದು. ಅಲೆಗೂ ಬೀಳಲ್ಲ."

ಇನಾಸ್ ತಲೆಯಾಡಿಸಿದ.

"ಪೈಪಿಟ್ರೆ ಮನೆ ಅಲ್ಲ, ಪೆಟ್ರೋಲ್ ಬಂಕು," ಅಂದ ಪಾಸ್ಕೋಲ್. "ಒಂದೇ ಕಾಂಡದ ಮತ್ತಿಮರದ ಕಂಬ ನಿಲ್ಲಿಸು ಕುಂಪಾರ್. ಎಲ್ಲಿ ಸಿಗುತ್ತೆ ಅಂತ ನಂಗೊತ್ತು."

ಇನಾಸ್ ತಲೆಯಾಡಿಸಿದ.

"ಒಳಗೆ ಸರಳು ಕೊಟ್ಟು ಸಿಮೆಂಟ್ ಸುರಿದ್ರೆ ಮಾತ್ರ ಮುಂದಿನ ವರ್ಷ ಸಾಯ್ಬಿಣಿ ಇಲ್ಲಿಗೆ ಬರ್ತಾಳೆ," ಅಂದರು ಮಾವ್ಶಿ. "ನನ್ನ ಅಳಿಯನಿಗೆ ಸೋಮವಾರ ಬಾ ಅಂತ ಹೇಳ್ತೀನಿ."

ಇನಾಸ್ ಅದಕ್ಕೂ ತಲೆಯಾಡಿಸಿದ.

ಅವರ ಹಿಂದೆ ಪಿಯೆದಾದ್ ಯಾವಾಗ ಬಂದು ನಿಂತಿದ್ದಳೋ ಯಾರೂ ನೋಡಿರಲಿಲ್ಲ. ಅವಳ ಸಿಟ್ಟು ಪ್ರಾರ್ಥನೆಯಲ್ಲಿ ಇಳಿದಿತ್ತು. ಸುತ್ತಿಗೆ ಎತ್ತಿದ್ದು ನನಗೋಸ್ಕರವೇ ಅಲ್ಲವೇ, ಪಾಪ, ಹಸಿದಿರುತ್ತಾನೆ ಅಂದುಕೊಂಡು ಒಂದು ತಟ್ಟೆ ಕಡಲೆ, ಅದರ ಮೇಲೆ ಕೊಬ್ಬರಿ ತುರಿ ಉದುರಿಸಿಕೊಂಡು ತಂದಿದ್ದಳು. ಗಂಡನ ತಲೆ ಮೂರೂ ಕಡೆಗೆ ಆಡಿದ್ದನ್ನು ಅವಳು ಪೂರ್ತಿಯಾಗಿ ನೋಡಿದಳು. ಆಮೇಲೆ ತಟ್ಟೆಯ ಸಮೇತ ಹಿಂದಕ್ಕೆ ತಿರುಗಿದಳು.

"ಪಿಯೆದಾದ್," ಅಂತ ಇನಾಸ್ ಗಡಬಡಿಸಿ ಎದ್ದ. "ಎಲ್ಲಿಗೆ ಹೊರಟೆ?"

"ಸಾಯ್ಬಿಣಿ ಹತ್ರ. ಲೋರ್ನಾಗೆ ಮಗು ಕೊಡು ಅಂತ ಕೇಳಿದ್ದಾಯ್ತು, ಅದೇನೋ ಕೊಡ್ತಾಳೆ ಅನ್ನಿಸ್ತಿದೆ." ಅವಳು ನಿಂತು ತಿರುಗಿ ನೋಡಲೂ ಇಲ್ಲ. "ಈಗ ನಿಂಗೆ ಬುದ್ಧಿ ಕೊಡು ಅಂತ ಕೇಳ್ಬೇಕು. ಅದಕ್ಕೆ ರಾತ್ರಿ ಪೂರ್ತಿ ಬೇಕಾಗುತ್ತೆ."

ಇನಾಸ್ ಅವಳ ಹಿಂದೆ ಓಡಲು ಮೆಟ್ಟಿಲ ಕಡೆ ನುಗ್ಗಿದ. ರೇಲಿಂಗು ಅಡ್ಡ ನಿಂತಿತ್ತು. ಅವನು ಒಳಗೆ ಹೋಗಿ, ಅಡುಗೆಮನೆ ದಾಟಿ, ಹಂದಿಗೂಡು ಬಳಸಿ ಬರುವಷ್ಟರಲ್ಲಿ ಜುಝೆಯ ಮನೆಯ ಬಾಗಿಲು ಹಾಕಿಯಾಗಿತ್ತು.